ತಿರುಗಿ ಸುರಿದ ಮಡಿಲಕ್ಕಿ

ಶ್ರೀಮಂತನೊಬ್ಬ ಇದ್ದ ಅಂತಿಟ್ಟುಕೊಳ್ಳಿ, ತಾಯಂದಿರೇ. ಊರು ಯಾವುದಾದರೇನು, ನಿಮ್ಮೂರೇ ಅನ್ನಿ. ಅವನಿಗೆ ಒಬ್ಬಳೇ ಮಗಳು, ದೊಡ್ಡ ಮನೆಗೇ ಕೊಟ್ಟಿದ್ದ. ಗೌರಿ ಹಬ್ಬಕ್ಕೆ ತವರಿಗೆ ಬಂದಳು, ಮೂರೇ ದಿನಕ್ಕೆ.

ಆರು ತಿಂಗಳಿಂದ ಅವಳಿಗೆ ನೆಟ್ಟಗೆ ನಿದ್ದೆಯಿಲ್ಲ. ತುತ್ತು ಗಂಟಲಲ್ಲಿ ಇಳಿಯದು. ಸಾರಿಗೆ ಒಗ್ಗರಣೆ ಹಾಕ್ತಾ ಹಾಕ್ತಾ ಕಣ್ಣಲ್ಲಿ ನೀರು. ಗಂಡ ಕೆಟ್ಟವನಲ್ಲ, ಅತ್ತೆ ಬಯ್ಯೋಳಲ್ಲ. ಮತ್ತೆ ಯಾಕೆ? ನೋಡಿ, ಅವಳಿಗೂ ಗೊತ್ತಿಲ್ಲ. ಅಮ್ಮನ ತೊಡೆ ಮೇಲೆ ಒಂದು ಗಳಿಗೆ ತಲೆಯಿಟ್ಟು ಹೇಳಿಕೊಂಡರೆ ಸಾಕು ಅಂತ ಹಂಬಲಿಸಿ ಹಂಬಲಿಸಿ ಬಂದಿದ್ದಳು.

ಬಂದ ಕೂಡಲೇ ಅಮ್ಮ, "ಚೆನ್ನಾಗಿದೀಯಾ ಪುಟ್ಟಿ?" ಅಂತ ಕೇಳಿ, ಉತ್ತರಕ್ಕೆ ಕಾಯದೆ ಹೋಳಿಗೆ ತಟ್ಟೋಕೆ ಹೋದಳು. ಮಾರನೇ ದಿನ ನೆಂಟರು. "ಯಾಕೇ ಇಷ್ಟು ಬಿಳುಚಿಕೊಂಡಿದೀಯ?" ಅಂದಳು ಚಿಕ್ಕಮ್ಮ. "ಏನಿಲ್ಲ, ಪ್ರಯಾಣದ ಸುಸ್ತು" ಅಂತ ಅಮ್ಮನೇ ಉತ್ತರ ಕೊಟ್ಟಳು. ದೊಡ್ಡ ಮನೆಗೆ ಕೊಟ್ಟ ಮಗಳು ಸುಖವಾಗಿರಲೇಬೇಕಲ್ಲ.

ಮೂರನೇ ದಿನ ಬೆಳಿಗ್ಗೆ ಬಾಗಿಲಿಗೆ ಗಂಡನ ಮನೆಯ ಕಾರು ಬಂತು. ಮಣೆ ಮೇಲೆ ಕೂರಿಸಿ ಅಮ್ಮ ಮಡಿಲು ತುಂಬಿದಳು. ಅಕ್ಕಿ, ಬೆಲ್ಲ, ಕೊಬ್ಬರಿ, ರವಿಕೆ ಕಣ. ತವರು ತಣ್ಣಗಿರಲಿ ಅಂತ ಅದರಲ್ಲಿ ಒಂದು ಹಿಡಿ ಮಗಳು ತಿರುಗಿ ಮೊರಕ್ಕೆ ಹಾಕಬೇಕು, ನಿಮಗೆ ಗೊತ್ತಿರೋದೇ. ಅವಳು ಒಂದು ಹಿಡಿ ಹಾಕಿದಳು. ಇನ್ನೊಂದು ಹಾಕಿದಳು. ಆಮೇಲೆ ಸೆರಗು ಬಿಚ್ಚಿ ಅಷ್ಟನ್ನೂ ಸುರಿದುಬಿಟ್ಟಳು.

"ಅಪಶಕುನ ಕಣೇ, ಏನಿದು?" ಅಂದ ಅಪ್ಪ.

"ಅಕ್ಕಿ ಅಲ್ಲೂ ಇದೆ ಅಪ್ಪ. ನನ್ನ ಮಾತು ಕೇಳೋರು ಅಲ್ಲಿಲ್ಲ, ಇಲ್ಲೂ ಇಲ್ವಾ? ಅಮ್ಮ, ಬಾವಿ ಹತ್ತಿರ ಹೋದರೆ ನನಗೆ ನನ್ನದೇ ಭಯ ಆಗುತ್ತೆ."

ಅಮ್ಮ ಕುಂಕುಮದ ಬಟ್ಟಲು ಕೆಳಗಿಟ್ಟು, ಮಗಳ ಪಕ್ಕ ನೆಲದ ಮೇಲೇ ಕೂತಳು. "ಕಾರು ವಾಪಸ್ ಕಳಿಸಿ" ಅಂದಳು ಗಂಡನಿಗೆ. ಆಮೇಲೆ ಮಗಳಿಗೆ ಮೆಲ್ಲಗೆ ಹೇಳಿದಳು, "ನಮ್ಮಮ್ಮನ ಮುಂದೆ ನಾನೂ ಹೀಗೇ ಕೂತಿದ್ದೆ ಕಣೇ. ಹೇಳಬೇಕು ಅಂತಿದ್ದೆ, ಮಡಿಲು ತುಂಬಿ ಕಳಿಸಿಬಿಟ್ಟಳು. ಅವಳು ಒಂದು ಸಲ ಕೇಳಬೇಕಿತ್ತು ಅಂತ ಇವತ್ತಿಗೂ ಅನ್ನಿಸುತ್ತೆ. ನೀನು ಹೇಳು ಮಗಳೇ."

ಮಧ್ಯಾಹ್ನದವರೆಗೂ ಮಗಳು ಹೇಳಿದಳು. ಮಾರನೇ ದಿನ ಮೂವರೂ ಮನಸ್ಸಿನ ಡಾಕ್ಟರ ಹತ್ತಿರ ಹೋದರು. ಎರಡು ತಿಂಗಳಾದ ಮೇಲೆ ಅವಳೇ ಕೇಳಿ ಮಡಿಲು ತುಂಬಿಸಿಕೊಂಡು ಗಂಡನ ಮನೆಗೆ ಹೊರಟಳು.

ಈಗ ನಿಮ್ಮನ್ನೇ ಕೇಳ್ತೀನಿ. ನಿಮ್ಮ ಮಗಳು ಎಷ್ಟು ಸಲ ಬಂದು ಹೋದಳು? ನೆಂಟರೆದುರು ಅವಳ ಬದಲು ನೀವೇ ಉತ್ತರ ಕೊಟ್ಟಿಲ್ವಾ? ಅಲ್ಲಿ ಹಿಂದೆ ಕೂತಿರೋ ಗಂಡಸರೇ, ನಿಮ್ಮ ಮನೆ ಸೊಸೆಯೂ ಒಬ್ಬ ತಾಯಿಯ ಮಗಳು, ಅವಳನ್ನ ಯಾವತ್ತಾದರೂ ಕೇಳಿದೀರಾ? ಡಾಕ್ಟರು ಬೇಕು ಅಂತಾದರೆ ನಾಚಿಕೊಳ್ಳದೆ ಕರೆದುಕೊಂಡು ಹೋಗಿ, ಜ್ವರ ಬಂದರೆ ಹೋಗಲ್ವಾ?

ಇವತ್ತು ಮನೆಗೆ ಹೋಗಿ ಮಗಳಿಗೊಂದು ಫೋನ್ ಮಾಡಿ. ಹೇಗಿದೀಯ ಅಂತ ಕೇಳಿ. ಕೇಳಿದ ಮೇಲೆ ನೀವು ಬಾಯಿ ಮುಚ್ಚಿಕೊಂಡಿರಿ. ಅವಳು ಸುಮ್ಮನಾದರೆ ನೀವೂ ಸುಮ್ಮನಿರಿ, ಫೋನ್ ಮಾತ್ರ ಇಡಬೇಡಿ.