ಊಟವಾಯಿತೆಂಬ ಗಂಟೆ

ನಡೆದದ್ದನ್ನಷ್ಟೇ ಹೇಳುತ್ತೇನೆ. ದೀಪ ಸಣ್ಣದು ಮಾಡಿ.

ಅಂದು ಬುಧವಾರ. ಆರನೇ ತರಗತಿಯ ಗಣಿತದ ಪತ್ರಿಕೆ ತಿದ್ದುತ್ತ ಶಾಲೆಯಲ್ಲೇ ಕೂತುಬಿಟ್ಟೆ. ನಮ್ಮ ದೊಡ್ಡಪ್ಪನ ಮಗ ಧನಪಾಲ, ಕುಡಚಿಯ ಆಚೆಗಿನ ನಮ್ಮ ಸಣ್ಣ ಸ್ಟೇಷನ್ನಿನಲ್ಲಿ ರೈಲಿನ ಹಳಿ ಬದಲಿಸುವ ಪಾಯಿಂಟ್ಸ್‌ಮನ್. ನಾವು ಜೈನರು, ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಅವನ ಹೆಂಡತಿ ಕಾಶಿಬಾಯಿ ಕಟ್ಟಿದ ಡಬ್ಬಿಯನ್ನು ದಿನವೂ ನಾನೇ ಒಯ್ಯುತ್ತಿದ್ದೆ. ಉಂಡು, ಡಬ್ಬಿ ತೊಳೆದು ಬೋರಲು ಹಾಕಿ, ಅವನು ಪ್ಲಾಟ್‌ಫಾರ್ಮಿನಲ್ಲಿ ಗಂಟೆಯೆಂದು ತೂಗುಹಾಕಿದ್ದ ಹಳಿಯ ತುಂಡಿಗೆ ಒಮ್ಮೆ ಬಡಿಯುತ್ತಿದ್ದ. ಠಣ್… ಬಾವಿಯಾಚೆಯ ಮನೆಯಲ್ಲಿ ಅದು ಕೇಳಿದ ಮೇಲೆಯೇ ಕಾಶಿಬಾಯಿ ತುತ್ತು ಎತ್ತುತ್ತಿದ್ದಳು.

ಅಂದು ನಾನು ಬಾವಿ ದಾಟುವಷ್ಟರಲ್ಲಿ ಸೂರ್ಯ ಮುಳುಗಿದ. ಹತ್ತು ನಿಮಿಷ. ಅಷ್ಟೇ ತಡ.

"ಮಾಸ್ತರಾ, ನಿನ್ನ ಸಾಲ್ಯಾಗ ತಡಾ ಆದವ್ರನ್ನ ಹೊರಗ ನಿಂದರಸ್ತೀ. ಈಗ ನೀ ನಿಂದರ," ಎಂದು ನಕ್ಕ. ಡಬ್ಬಿಯನ್ನು ಬಿಚ್ಚದೆ ಲಾಟೀನಿನ ಕೋಣೆಯಲ್ಲಿಟ್ಟ. "ಹೋಗಲೇ, ಒಂದ ಹೊತ್ತಿಗೆ ಯಾರೂ ಸಾಯಂಗಿಲ್ಲ."

ಗಂಟೆ ಬಡಿಯಲಿಲ್ಲ. ನಸುಕಿನಲ್ಲಿ ಅದರ ಕೆಳಗೇ ಬಿದ್ದಿದ್ದ. ಹೃದಯ ನಿಂತದ್ದು ಎಂದರು ಡಾಕ್ಟರು. ಡಬ್ಬಿ ಎಲ್ಲೂ ಸಿಗಲಿಲ್ಲ.

ಆಮೇಲೆ ಎರಡು ವರ್ಷ ಕಾಶಿಬಾಯಿ ಸಂಜೆ ಉಣ್ಣಲಿಲ್ಲ. ತಾಟಿನ ಮುಂದೆ ಕೂತು, ಕತ್ತಲಾದಾಗ ಎತ್ತಿಡುವಳು. ಕೊರಳಿನ ಎಲುಬು ಎಣಿಸುವ ಹಾಗಾದಳು.

"ವೈನಿ, ಒಂದ ತುತ್ತು…"

"ಅವ್ರಿನ್ನೂ ಉಂಡಿಲ್ಲಲ್ರಿ," ಎಂದು ಪಿಸುಗುಟ್ಟುವಳು. ನಾನು ತಲೆ ತಗ್ಗಿಸುವೆ.

ಈ ವರ್ಷ ಸ್ಟೇಷನ್ನಿನ ದುರಸ್ತಿ ಶುರುವಾಯಿತು. ಬ್ರಿಟಿಷರ ಕಾಲದ ಕಪ್ಪು ಕಲ್ಲಿನ ಗೋಡೆ ತೊಳೆದರು, ಹೆಂಚು ಹೊಸದು ಹೊದಿಸಿದರು. ಒಂದು ಮಧ್ಯಾಹ್ನ ಹಳಿಯ ತುಂಡನ್ನೂ ಇಳಿಸಿ, ಗೋಣಿಯಲ್ಲಿ ಹೊಲಿದು, ಲಾಟೀನಿನ ಕೋಣೆಗೆ ಹಾಕಿ ಬೀಗ ಜಡಿದರು.

ಅಂದೇ ಸಂಜೆ… ಹೊತ್ತು ಮುಳುಗಲು ಇನ್ನೂ ಒಂದು ಗೇಣು ಇರುವಾಗ… ಠಣ್.

ಒಂದೇ ಸಲ. ನಾನು ಕೇಳಿದೆ. ಕಾಶಿಬಾಯಿಯೂ ಕೇಳಿದಳು. ರೊಟ್ಟಿ ಮುರಿದಳು. ಅಳುತ್ತಲೇ ಎರಡು ರೊಟ್ಟಿ ಉಂಡಳು.

ನಾನು ಸ್ಟೇಷನ್ನಿಗೆ ಓಡಿದೆ. ಕೆಲಸದವರ ಮುಕಾದಮ ಮಲ್ಲೇಶ ಚಹಾ ಕುಡಿಯುತ್ತಿದ್ದ.

"ಗಂಟಿ ಯಾರ ಬಡದ್ರು?"

"ಯಾರ ಬಡೀತಾರ್ರಿ ಸರ? ಕೀಲಿ ನನ್ನ ಕಿಸೇದಾಗ ಐತಿ."

ಬೀಗ ತೆಗೆದ. ಗೋಣಿಯ ಹೊಲಿಗೆ ಬಿಚ್ಚಿರಲಿಲ್ಲ. ಮಲ್ಲೇಶ ಅದರ ಮೇಲೆ ಸುತ್ತಿಗೆಯಿಂದ ಬಡಿದು ನೋಡಿದ. ದಬ್… ಎಂದಿತು, ಅಷ್ಟೇ.

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಇದನ್ನು ನಾನು ಹಗಲ ಬೆಳಕಿನಲ್ಲೇ ನಿಂತು ನೋಡಿದ್ದೇನೆ. ಗೋಣಿಯ ಪಕ್ಕದಲ್ಲಿ ಧನಪಾಲನ ಡಬ್ಬಿ ಬೋರಲು ಹಾಕಿತ್ತು. ಅದರಿಂದ ನೀರು ಇನ್ನೂ ಇಳಿಯುತ್ತಿತ್ತು.