ಹತ್ತೊಂಬತ್ತು ಇಂಚಿನ ಚಕ್ರದ ಕಾರಿನಲ್ಲಿ ಗಣಪತಿಯ ಕೈ ಮುರಿದ ಬಗ್ಗೆ ಚೆನ್ನಯ ಪೂಜಾರಿಯ ಹೇಳಿಕೆ

ಹೆಸರು ಚೆನ್ನಯ ಬಾಬು ಪೂಜಾರಿ, ವಯಸ್ಸು 47 ವರ್ಷ, ಕಸುಬು ಟೈರ್ ಅಂಗಡಿ, ವಾಸ ಡೊಂಬಿವಲಿ ಪೂರ್ವ, ಎಂಐಡಿಸಿ ರೆಸಿಡೆನ್ಸಿಯಲ್ ಝೋನಿನ ಹಿಂದಿನ ಚಾಳು, ಖೋಲಿ ನಂಬರ್ 6. ಹುಟ್ಟೂರು ಕಾರ್ಕಳ ತಾಲೂಕು. ಶಾಲೆ ಊರಿನಲ್ಲಿ ಐದನೆಯವರೆಗೆ, ಆಮೇಲೆ ಇಲ್ಲಿ ಹೋಟೆಲಿನಲ್ಲಿದ್ದಾಗ ಕನ್ನಡ ರಾತ್ರಿ ಶಾಲೆಗೆ ಎರಡು ವರ್ಷ. ಮರಾಠಿ ಮಾತಾಡುತ್ತೇನೆ, ಬರೆಯುವ ಧೈರ್ಯ ಇಲ್ಲ. ಈ ಠಾಣೆಯ ಹವಾಲ್ದಾರ್ ಭೀಮಾಶಂಕರ್ ಅವರು ಅಕ್ಕಲಕೋಟೆ ಕಡೆಯವರು. ಕನ್ನಡದಾಗ ಬರೀರಿ, ನಾ ಮರಾಠಿ ಮಾಡ್ಕೋತೀನಿ ಎಂದು ಹೇಳಿದ್ದರಿಂದ ನನ್ನ ಕೈಯಲ್ಲೇ ಬರೆದು ಒಪ್ಪಿಸುವುದು ಏನೆಂದರೆ:

ಐರೋಲಿಯ ವಸಂತಕುಮಾರ ಶೆಟ್ಟಿಯವರನ್ನು ನಾನು ಊರು ಬಿಟ್ಟು ಬಂದಂದಿನಿಂದ ಬಲ್ಲೆ. ಅವರ ಹೋಟೆಲು ಡೊಂಬಿವಲಿ ಸ್ಟೇಷನ್ ಹತ್ತಿರ. ನಾನು ಮೊದಲು ಕೆಲಸಕ್ಕೆ ನಿಂತದ್ದು ಅಲ್ಲಿಯೇ. ಟೈರ್ ಅಂಗಡಿ ಹಾಕುವಾಗ ಜಾಗದವನ ಹತ್ತಿರ ನನ್ನ ಪರವಾಗಿ ಮಾತಾಡಿದವರೂ ಅವರೇ. ಅವರ ಹೆಂಡತಿ ಪ್ರಫುಲ್ಲಕ್ಕ, ಮಗ ಹಿತೇಶ್, 26 ವರ್ಷ. ಹಿತೇಶ್ ಇಲ್ಲೇ ಹುಟ್ಟಿದವನು, ನಾವು ತುಳುವಿನಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುತ್ತಾನೆ. ಈ ಮನೆಯವರ ಮೇಲೆ ನನಗೆ ಯಾವ ದ್ವೇಷವೂ ಇಲ್ಲ. ಇದನ್ನು ಮೊದಲೇ ಬರೆದಿಡುತ್ತೇನೆ, ಆಮೇಲೆ ಮರೆತರೆ ಕಷ್ಟ.

ನನ್ನದು ಹೆದರುವ ಸ್ವಭಾವ. ಗ್ಯಾಸು ಮುಚ್ಚಿದ್ದೇನೋ ಇಲ್ಲವೋ ಎಂದು ಅರ್ಧ ದಾರಿಯಿಂದ ತಿರುಗಿ ಬರುವವನು. ಹೋಟೆಲಿನವರು ನನ್ನನ್ನು ಬ್ರೇಕ್ ಪೂಜಾರಿ ಎಂದು ಕರೆಯುತ್ತಾರೆ, ಗಾಡಿ ಹೊರಡುವ ಮೊದಲೇ ಬ್ರೇಕ್ ಒತ್ತುವವನು ಎಂದು. ಹಿತೇಶನೂ ಚಿಕ್ಕಂದಿನಿಂದ ನನ್ನನ್ನು ಬ್ರೇಕ್ ಅಂಕಲ್ ಎನ್ನುತ್ತಾನೆ. ಇದನ್ನು ಬರೆಯುವುದು ಯಾಕೆಂದರೆ ಮುಂದಿನ ಸಂಗತಿಗೆ ಇದೇ ಕಾರಣ.

ದಿನಾಂಕ 8-9-2012 ಶನಿವಾರ ಹಿತೇಶ್ ತಾನು ಹೊಸತಾಗಿ ತೆಗೆದುಕೊಂಡ ಸೆಕೆಂಡ್ ಹ್ಯಾಂಡ್ ಕೆಂಪು ಸ್ಪೋರ್ಟ್ಸ್ ಕಾರನ್ನು ನನ್ನ ಅಂಗಡಿಗೆ ತಂದನು. ಅದಕ್ಕೆ ಎರಡೇ ಬಾಗಿಲು, ಎರಡೇ ಸೀಟು. ಕಂಪನಿಯಿಂದ ಬಂದ ಚಕ್ರ 16 ಇಂಚಿನದು. ನನ್ನ ಅಂಗಡಿಯ ಗೋಡೆಯಲ್ಲಿ ಆರು ತಿಂಗಳಿಂದ ನೇತಾಡುತ್ತಿದ್ದ 19 ಇಂಚಿನ ಅಲಾಯ್ ಸೆಟ್ ತೋರಿಸಿ ಅದನ್ನೇ ಹಾಕು ಎಂದನು.

ಸಾಹೇಬರಿಗೆ ಅರ್ಥವಾಗಬೇಕೆಂದು ಬರೆಯುತ್ತೇನೆ. ಚಕ್ರ ದೊಡ್ಡದು ಮಾಡಿದರೆ ಟೈರಿನ ಹೊರಸುತ್ತು ದೊಡ್ಡದಾಗುವುದಿಲ್ಲ, ಅಷ್ಟೇ ಇರಬೇಕು, ಇಲ್ಲದಿದ್ದರೆ ಬಾಡಿಗೆ ತಾಗುತ್ತದೆ. ಹಾಗಾಗಿ ರಿಮ್ಮು ಬೆಳೆದಷ್ಟೂ ರಬ್ಬರು ಇಳಿಯುತ್ತದೆ. 16 ಇಂಚಿನ ರಿಮ್ಮಿಗೆ ಟೈರಿನ ಪಕ್ಕ ನಾಲ್ಕೂವರೆ ಇಂಚು ಎತ್ತರ ಇತ್ತು. 19ಕ್ಕೆ ಸಿಕ್ಕಿದ್ದು ಮೂರು ಇಂಚು. ರಸ್ತೆಯ ಪೆಟ್ಟನ್ನು ಮೊದಲು ನುಂಗುವುದು ಸ್ಪ್ರಿಂಗ್ ಅಲ್ಲ, ಈ ಪಕ್ಕದ ರಬ್ಬರು ಮತ್ತು ಒಳಗಿನ ಗಾಳಿ. ಅದು ಕಡಿಮೆಯಾದರೆ ಪೆಟ್ಟು ನೇರವಾಗಿ ಸೀಟಿಗೆ ಬರುತ್ತದೆ. ಸ್ಪೋರ್ಟ್ಸ್ ಕಾರಿನ ಸ್ಪ್ರಿಂಗ್ ಮೊದಲೇ ಬಿಗಿ. ಅದರ ಮೇಲೆ ಹಿತೇಶ್ ಆರಿಸಿದ್ದು ಪಕ್ಕ ಗಟ್ಟಿ ಇರುವ ಜಾತಿಯ ಟೈರು, ತಿರುವಿನಲ್ಲಿ ಗಾಡಿ ಹಿಡಿದು ನಿಲ್ಲುತ್ತದೆ ಎಂದು. ಗಾಳಿಯೂ ಜಾಸ್ತಿ ಬೇಕು. ಕಡಿಮೆ ಇಟ್ಟರೆ ರಿಮ್ಮು ಬಗ್ಗುತ್ತದೆ.

ನನ್ನ ಹತ್ತಿರ ಒಳಗೆ 17 ಇಂಚಿನ ಒಂದು ಸೆಟ್ ಇತ್ತು, ಮೆತ್ತಗಿನ ಟೈರಿನದು. ಅದು ಸಾಕು, ನೋಡಲಿಕ್ಕೂ ಚಂದ, ಕೂತವರಿಗೂ ಸುಖ ಎಂದು ಹೇಳಬೇಕೆಂದಿದ್ದೆ. ರೈಡು ಸ್ವಲ್ಪ ಗಟ್ಟಿಯಾಗ್ತದೆ ಎಂಬಲ್ಲಿಗೆ ನಿಲ್ಲಿಸಿದೆ. ಹಿತೇಶ್ ನಕ್ಕು, ಬೈಕಿನಲ್ಲಿ ಜೊತೆಗೆ ಬಂದಿದ್ದ ತನ್ನ ದೋಸ್ತರಿಗೆ, ನೋಡಿ, ಬ್ರೇಕ್ ಅಂಕಲ್ ಶುರು ಮಾಡಿದರು ಎಂದನು. ಎಲ್ಲರೂ ನಕ್ಕರು, ನಾನೂ ನಕ್ಕೆ. ಸತ್ಯ ಹೇಳುವುದಾದರೆ ಗೋಡೆಯ ಮೇಲಿನ ಸೆಟ್ ಒಮ್ಮೆ ಹೋದರೆ ಸಾಕು ಎಂದೂ ನನಗಿತ್ತು. ಹಾಕಿ ಕೊಟ್ಟೆ.

ದಿನಾಂಕ 18-9-2012 ಮಂಗಳವಾರ, ಚೌತಿಯ ಹಿಂದಿನ ದಿನ. ಶೆಟ್ಟರ ಹೊಸ ಫ್ಲಾಟಿನಲ್ಲಿ ಇದು ಮೊದಲ ಗಣಪತಿ. ಪ್ಲಾಸ್ಟರಿನದು ಬೇಡ, ಮಣ್ಣಿನದೇ ಆಗಬೇಕೆಂದು ಪ್ರಫುಲ್ಲಕ್ಕನ ಹಟ. ಹಾಗಾಗಿ ಕಲ್ಯಾಣ್ ಪಶ್ಚಿಮದ ಚಂದ್ರಬಾಯಿ ಎಂಬವರಿಗೆ ಒಂದೂವರೆ ಅಡಿಯ ಮೂರ್ತಿಗೆ ಹೇಳಿದ್ದರು. ಚಂದ್ರಬಾಯಿ ಅಂದರೆ ಈ ಕೇಸಿನ ಫಿರ್ಯಾದಿ ಹೆಂಗಸು, ಸುಮಾರು 60 ವರ್ಷ, ಗಂಡ ಇಲ್ಲ, ಮೂರ್ತಿ ಮಾಡಿ ಬದುಕುವವರು.

ಮೂರ್ತಿಯನ್ನು ಹಿತೇಶನ ಕಾರಿನಲ್ಲೇ ತರಬೇಕೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಡಿಕ್ಕಿಯಲ್ಲಿ ದೇವರನ್ನು ಇಡುವ ಹಾಗಿಲ್ಲ, ಹಿಂದೆ ಸೀಟು ಇಲ್ಲ, ಮುಂದಿನ ಸೀಟಿನಲ್ಲಿ ಒಬ್ಬರು ಕೂತು ತೊಡೆಯ ಮೇಲೆ ಹಿಡಿಯಬೇಕು. ಶೆಟ್ಟರಿಗೆ ಮಂಡಿನೋವು, ಅಷ್ಟು ತಗ್ಗಿನ ಸೀಟಿಗೆ ಇಳಿಯಲು ಆಗುವುದಿಲ್ಲ. ಅವರು ನನ್ನನ್ನು ಕರೆಸಿ, ಚೆನ್ನಯ, ನೀನು ಹಿಡಿ, ಹೆದರುವವನ ಕೈಯಲ್ಲಿ ಕೊಟ್ಟರೆ ಒಡೆಯುವುದಿಲ್ಲ ಎಂದರು. ಮೂರ್ತಿಯ ಜೊತೆ ಹಾಡಲು ಕರೆಸಿದ್ದ ಭಜನೆಯವರು ಹೋಟೆಲಿನ ತರಕಾರಿ ವ್ಯಾನಿನಲ್ಲಿ ಹಿಂದಿನಿಂದ ಬಂದರು. ಆ ವ್ಯಾನಿನ ಟೈರು ದಪ್ಪ, ಮೆತ್ತಗೆ. ಅದರಲ್ಲಿ ತಂದರೆ ತೊಟ್ಟಿಲಿನಲ್ಲಿ ತಂದ ಹಾಗೆ. ನನಗೆ ಇದು ಗೊತ್ತಿತ್ತು. ಈರುಳ್ಳಿ ವ್ಯಾನಿನಲ್ಲಿ ಗಣಪತಿಯೋ ಎಂದು ಕೇಳುತ್ತಾರೆಂದು ಬಾಯಿ ಮುಚ್ಚಿ ಕೂತೆ.

ಸಂಜೆ ಸುಮಾರು 4-15ಕ್ಕೆ ಚಂದ್ರಬಾಯಿಯವರ ಶೆಡ್ಡಿಗೆ ಮುಟ್ಟಿದೆವು. ಅವರು ಮೂರ್ತಿಯನ್ನು ಬೆಳಕಿಗೆ ತಿರುಗಿಸಿ ನನಗೆ ತೋರಿಸಿದರು. ನಾಲ್ಕು ಕೈ, ಸೊಂಡಿಲು, ಕಿವಿ, ಎಲ್ಲ ಸರಿ ಇತ್ತು. ಆಶೀರ್ವಾದ ಮಾಡುವ ಬಲಗೈಯನ್ನು ನಾನು ವಿಶೇಷ ನೋಡಿದ್ದೇನೆ, ಬೆರಳುಗಳು ನಿಜವಾದ ಮಗುವಿನ ಬೆರಳ ಹಾಗೆ ಇದ್ದವು. ಬಿರುಕು, ಅಂಟು ಏನೂ ಇರಲಿಲ್ಲ. ಇಲ್ಲಿನ ಪದ್ಧತಿಯಂತೆ ಮುಖದ ಮೇಲಿನಿಂದ ಪೀಠದವರೆಗೆ ಕೆಂಪು ಬಟ್ಟೆ ಮುಚ್ಚಿ ಅವರೇ ಕಟ್ಟಿದರು. ಆ ಬಟ್ಟೆಯನ್ನು ಮನೆಯಲ್ಲಿ ಪೂಜೆಗೆ ಕೂರಿಸುವವರೆಗೆ ತೆಗೆಯುವಂತಿಲ್ಲ.

ಶಿಳ್‌ ಫಾಟಾ ಎಂಬ ಕೂಡುರಸ್ತೆ ದಾಟಿ ಐರೋಲಿಯ ದಾರಿಯಲ್ಲಿ ಮಹಾಪೆ ಕಡೆಗೆ ಸುಮಾರು ಎರಡು ಕಿಲೋಮೀಟರ್ ಹೋದ ಮೇಲೆ, ಅಂದಾಜು 5-20ಕ್ಕೆ, ಎಡಗಡೆಯ ಮುಂದಿನ ಚಕ್ರ ಒಂದು ಗುಂಡಿಗೆ ಬಿತ್ತು. ವೇಗ ಮೂವತ್ತರ ಒಳಗೆ. ಹಿತೇಶ್ ಸಾವಕಾಶವಾಗಿಯೇ ಓಡಿಸುತ್ತಿದ್ದ, ಅವನ ಮೇಲೆ ಸುಳ್ಳು ಹೇಳಬಾರದು. ಪೆಟ್ಟು ನನ್ನ ಬೆನ್ನುಮೂಳೆಗೆ ಬಂತು. ಕೂಡಲೇ ಬಟ್ಟೆಯ ಒಳಗಿನಿಂದ ಏನೋ ಕಳಚಿ ನನ್ನ ಮೊಣಕೈ ಸಂದಿಗೆ ಬಿತ್ತು. ಮುಟ್ಟಿ ನೋಡಿದೆ. ಬೆರಳುಗಳು.

ಹಿತೇಶ್ ಠೀಕ್ ಹೈನಾ ಅಂಕಲ್ ಎಂದು ಕೇಳಿದ. ನಾನು ಹೂಂ ಎಂದೆ.

ಅಲ್ಲಿಂದ ಐರೋಲಿಯವರೆಗೆ ಆ ಕೈಯನ್ನು ಬಟ್ಟೆಯ ಮೇಲಿನಿಂದಲೇ ಹಿಡಿದುಕೊಂಡು ಬಂದೆ. ಬಾಗಿಲಲ್ಲಿ ಪ್ರಫುಲ್ಲಕ್ಕ ಆರತಿ ಹಿಡಿದು ನಿಂತಿದ್ದರು. ಮೂರ್ತಿ ತಂದವನ ಕಾಲಿಗೆ ನೀರು ಹೊಯ್ಯುವ ಪದ್ಧತಿ. ಅವರು ನನ್ನ ಎರಡೂ ಕಾಲಿಗೆ ನೀರು ಹೊಯ್ದು, ಕುಂಕುಮ ಇಟ್ಟು, ಆರತಿ ಎತ್ತಿದರು. ನನ್ನ ಇಷ್ಟು ವಯಸ್ಸಿನಲ್ಲಿ ಯಾರೂ ನನ್ನ ಕಾಲು ತೊಳೆದವರಲ್ಲ. ಆಗಲಾದರೂ ಹೇಳಬಹುದಿತ್ತು. ಮಂಟಪದಲ್ಲಿ ಕೂರಿಸಿ, ಮುರಿದ ಕೈಯನ್ನು ಬಟ್ಟೆಯೊಳಗೆ ಇದ್ದ ಜಾಗಕ್ಕೆ ಒತ್ತಿ ನಿಲ್ಲಿಸಿ ಬಂದೆ. ಕೆಳಗೆ ಇಳಿದ ಮೇಲೆ ಕಾರಿನ ಎಡ ಮುಂದಿನ ರಿಮ್ಮನ್ನು ಬಗ್ಗಿ ನೋಡಿದೆ. ಗೀರು ಕೂಡ ಇರಲಿಲ್ಲ. ಮನೆಯಲ್ಲಿ ಊಟ ಸೇರಲಿಲ್ಲ. ಹೆಂಡತಿ ಪುಷ್ಪಾವತಿ ಏನಾಯಿತೆಂದು ಕೇಳಿದಾಗ ಗ್ಯಾಸ್ಟ್ರಿಕ್ ಎಂದೆ.

ದಿನಾಂಕ 19-9-2012 ಬೆಳಿಗ್ಗೆ ಭಟ್ಟರು ಬಂದ ಮೇಲೆ ಪ್ರಫುಲ್ಲಕ್ಕ ಬಟ್ಟೆ ತೆಗೆದರು. ಕೈ ಅವರ ಎದುರು ಮಣೆಯ ಮೇಲೆ ಬಿತ್ತು. ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತುಬಿಟ್ಟರು. ಒಡೆದ ಮೂರ್ತಿಗೆ ಪೂಜೆ ಇಲ್ಲ, ನೀರಿಗೆ ಬಿಟ್ಟು ಬೇರೆ ತನ್ನಿ ಎಂದು ಭಟ್ಟರು ಹೇಳಿದರು. ಹಿತೇಶ್, ಆ ಮುದುಕಿ ಒಡೆದದ್ದನ್ನು ಅಂಟಿಸಿ ಬಣ್ಣ ಹಚ್ಚಿ ಕೊಟ್ಟಿದ್ದಾಳೆ ಎಂದನು. ಶೆಟ್ಟರು ಎಲ್ಲರ ಎದುರಿಗೆ ನನ್ನನ್ನು ಕೇಳಿದರು, ದಾರಿಯಲ್ಲಿ ಎಲ್ಲಾದರೂ ತಾಗಿತಾ ಎಂದು.

ನಾನು "ಇಲ್ಲ" ಎಂದೆ.

ಆ ಒಂದು ಮಾತಿನ ಮೇಲೆಯೇ ಹಿತೇಶ್ ಮತ್ತು ಅವನ ಇಬ್ಬರು ದೋಸ್ತರು ಕಲ್ಯಾಣಕ್ಕೆ ಹೊರಟರು. ಸಾಕ್ಷಿಗೆಂದು ನನ್ನನ್ನೂ ಕೂರಿಸಿಕೊಂಡರು, ಅದೇ ಸೀಟಿನಲ್ಲಿ. ದೋಸ್ತರು ಬೈಕಿನಲ್ಲಿ. ಸುಮಾರು 9-30ಕ್ಕೆ ಮುಟ್ಟಿದಾಗ ಶೆಡ್ಡಿನ ಮುಂದೆ ಮೂರ್ತಿ ಒಯ್ಯಲು ಬಂದ ಇಪ್ಪತ್ತು ಇಪ್ಪತ್ತೈದು ಜನ ಇದ್ದರು. ಹಿತೇಶ್ ಅವರೆಲ್ಲರಿಗೂ ಕೇಳುವಂತೆ ಮರಾಠಿಯಲ್ಲಿ, ಈಕೆಯ ಗಣಪತಿಗಳು ಅಂಟಿಸಿದ್ದು, ಬಟ್ಟೆ ತೆಗೆದು ನೋಡಿಕೊಳ್ಳಿ ಎಂದು ಕೂಗಿದನು. ಮಾತಿಗೆ ಮಾತು ಬೆಳೆದು ಅವನು ಹಲಗೆಯ ಸ್ಟ್ಯಾಂಡನ್ನು ತಳ್ಳಿದನು. ಮೂರು ಮೂರ್ತಿ ಕೆಳಗೆ ಬಿದ್ದವು. ನಾಲ್ಕನೆಯದನ್ನು ತಡೆಯಲು ಹೋದ ಚಂದ್ರಬಾಯಿಯವರ ಎಡ ಮಣಿಕಟ್ಟಿನ ಮೇಲೆ ಹಲಗೆ ಬಿತ್ತು. ನಾನು ಎಂಟು ಅಡಿ ದೂರದಲ್ಲಿದ್ದೆ. ಇದನ್ನು ಕಣ್ಣಾರೆ ನೋಡಿದ್ದೇನೆ.

ಅವರು ಕೈ ಹಿಡಿದುಕೊಂಡು ನನ್ನ ಕಡೆ ತಿರುಗಿ, ನನ್ನ ಕೈಯಿಂದ ತೆಗೆದುಕೊಂಡವನು ನೀನಲ್ಲವೇ, ಇವರಿಗೆ ಹೇಳು, ಸರಿ ಇತ್ತೋ ಇಲ್ಲವೋ ಎಂದು ಕೇಳಿದರು. ನಾನು ತಲೆ ಕೆಳಗೆ ಹಾಕಿದೆ. ಸರದಿಯಲ್ಲಿದ್ದವರು ಬಟ್ಟೆ ಬಿಚ್ಚಿ ಬಿಚ್ಚಿ ನೋಡತೊಡಗಿದರು. ಕೆಲವರು ತೆಗೆದುಕೊಳ್ಳದೆಯೇ ಹೋದರು.

ಆ ದಿನವೇ ಅವರು ಪೆಟ್ಟಾದ ಬಗ್ಗೆ ಹಿತೇಶನ ಮೇಲೆ ದೂರು ಕೊಟ್ಟರು. ಶೆಟ್ಟರು ಮೋಸದ ಬಗ್ಗೆ ಅವರ ಮೇಲೆ ದೂರು ಕೊಟ್ಟರು. ನನ್ನ ಹೆಸರು ಎರಡರಲ್ಲೂ ಸಾಕ್ಷಿಯಾಗಿ ಇದೆ.

ದಿನಾಂಕ 22-9-2012 ಶನಿವಾರ ಮಧ್ಯಾಹ್ನ ನಾನೊಬ್ಬನೇ ಚಂದ್ರಬಾಯಿಯವರ ಶೆಡ್ಡಿಗೆ ಹೋದೆ. ಕೈಗೆ ಪ್ಲಾಸ್ಟರ್ ಹಾಕಿದ್ದರು. ನವರಾತ್ರಿಗೆ ದೇವಿಯ ಮೂರ್ತಿ ಹೇಳಿದ್ದ ಎರಡು ಮಂಡಳಿಗಳಲ್ಲಿ ಒಂದು ಬೇಡವೆಂದು ಹೇಳಿಹೋಗಿದೆ, ಇನ್ನೊಂದು ಮಂಗಳವಾರ ಸಂಜೆ ಬಂದು ತಿಳಿಸುತ್ತೇವೆ ಎಂದಿದೆ ಎಂದು ಪಕ್ಕದ ಮನೆಯ ಹೆಂಗಸು ಹೇಳಿದರು. ನಾನು ಎಲ್ಲವನ್ನೂ ಒಪ್ಪಿಕೊಂಡು ಕಾಲು ಮುಟ್ಟಲು ಹೋದೆ. ಅವರು ಕಾಲು ಹಿಂದೆ ತೆಗೆದು ಮರಾಠಿಯಲ್ಲಿ ಹೇಳಿದ್ದು ಇಷ್ಟು:

"ನನ್ನ ಗಣಪತಿ ಗಟ್ಟಿ ಇತ್ತೆಂದು ನನಗೆ ಗೊತ್ತಿದೆ. ನನಗೇಕೆ ಹೇಳುತ್ತೀ? ಅಂದು ಕೇಳಿಸಿಕೊಂಡವರಿಗೆ ಹೇಳು."

ಅದೇ ದಿನ ಸಂಜೆ ಶೆಟ್ಟರ ಹೋಟೆಲಿಗೆ ಹೋಗಿ, ಪೊಲೀಸರಿಗೆ ನಿಜ ಹೇಳುತ್ತೇನೆ ಎಂದು ತಿಳಿಸಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಸುಲಭವಿತ್ತು. ಚಹಾ ತರಿಸಿ, ಗಲ್ಲಾಪೆಟ್ಟಿಗೆಯ ಮೇಲಿನ ಸೋಂಪಿನ ಬಟ್ಟಲನ್ನು ನನ್ನ ಕಡೆ ಸರಿಸಿ, ತುಳುವಿನಲ್ಲಿ ಹೇಳಿದ ಮಾತಿನ ಕನ್ನಡ ಹೀಗೆ:

"ಗುಂಡಿ ದೊಡ್ಡದಿತ್ತು ಅಂತ ಹೇಳು ಮಾರಾಯ. ಗುಂಡಿಯ ಮೇಲೆ ಯಾರೂ ಕೇಸು ಹಾಕುವುದಿಲ್ಲ. ಮುದುಕಿಯೂ ಉಳಿಯಿತು, ಹುಡುಗನೂ ಉಳಿದ, ನಿನ್ನ ಅಂಗಡಿಯೂ ಉಳಿಯಿತು."

ನಾನು ಆ ರಾತ್ರಿ ಮತ್ತು ಭಾನುವಾರ ಇಡೀ ಇದನ್ನೇ ಯೋಚಿಸಿದೆ. ಒಪ್ಪಬಹುದಿತ್ತು. ನನ್ನಂಥವನಿಗೆ ಅದು ಬಹಳ ಹಿಡಿಸುವ ದಾರಿ. ಆದರೆ ಆ ಸಂಜೆ ಅದೇ ರಸ್ತೆಯಲ್ಲಿ ರಿಕ್ಷಾದಲ್ಲಿ, ಟೆಂಪೋದಲ್ಲಿ, ಸ್ಕೂಟರಿನ ಹಿಂದೆ ಕೂತು ಎಷ್ಟೋ ಗಣಪತಿಗಳು ಹೋದವು. ಅವುಗಳ ಕೈ ಮುರಿಯಲಿಲ್ಲ. ಗುಂಡಿಯೇ ಕಾರಣ ಎಂದರೆ ಜನ ಮೊದಲು ಕೇಳುವುದು, ಹಾಗಾದರೆ ಚಂದ್ರಬಾಯಿಯದು ಮಾತ್ರ ಯಾಕೆ ಮುರಿಯಿತು ಎಂದು. ಮತ್ತೆ ಅವರ ಮಣ್ಣಿಗೇ ಬರುತ್ತದೆ. ಗುಂಡಿ ಒಂದು ತೆಂಗಿನಕಾಯಿಯ ಕಡಿ ಮುಚ್ಚುವಷ್ಟು ಮಾತ್ರ ಇತ್ತು. ದೊಡ್ಡದಾಗಿದ್ದರೆ ಅಷ್ಟು ತೆಳ್ಳಗಿನ ಟೈರಿನೊಳಗೆ ರಿಮ್ಮು ಬಗ್ಗುತ್ತಿತ್ತು, ಇಲ್ಲವೇ ಟೈರಿನ ಪಕ್ಕದಲ್ಲಿ ಗುಳ್ಳೆ ಬರುತ್ತಿತ್ತು. ಕಾರು ಐರೋಲಿಯಲ್ಲಿ ನಿಂತಿದೆ, ಸಾಹೇಬರು ನೋಡಬಹುದು. ಹಳೆಯ 16 ಇಂಚಿನ ಚಕ್ರಗಳು ನನ್ನ ಅಂಗಡಿಯಲ್ಲೇ ಇವೆ, ಅವನ್ನು ಹಾಕಿ ಅದೇ ಗುಂಡಿಯ ಮೇಲೆ ಓಡಿಸಿಯೂ ನೋಡಬಹುದು. ತೊಡೆಯ ಮೇಲೆ ತುಂಬಿದ ನೀರಿನ ಚೊಂಬು ಇಟ್ಟುಕೊಂಡು ಕೂರಲು ನಾನು ತಯಾರಿದ್ದೇನೆ.

ಮೂರ್ತಿ ಒಡೆದದ್ದು ಚಕ್ರದಿಂದ. ಚಕ್ರ ಹಾಕಿದವನು ನಾನು. ಏನಾಗುತ್ತದೆಂದು ಅಲ್ಲಿದ್ದವರಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಬೇಡದ್ದಕ್ಕೆಲ್ಲ ಹೆದರಿ ಹೇಳುವವನು ಬೇಕಾದ ಒಂದು ದಿನ ಹೇಳಲಿಲ್ಲ. ಹಿತೇಶ್ ಹಲಗೆ ತಳ್ಳಿದ್ದು ತಪ್ಪು, ಆದರೆ ಅವನು ನನ್ನ ಮಾತನ್ನು ನಂಬಿ ತಳ್ಳಿದ.

ನಾಳೆ 25ನೇ ತಾರೀಕು ಮಂಗಳವಾರ ಸಂಜೆ ಮಂಡಳಿಯವರು ಬರುವ ಹೊತ್ತಿಗೆ ನಾನು ಚಂದ್ರಬಾಯಿಯವರ ಶೆಡ್ಡಿನ ಮುಂದೆ ನಿಂತು ಇದನ್ನೇ ಮರಾಠಿಯಲ್ಲಿ ಹೇಳುತ್ತೇನೆ. ಅವರು ನಂಬುತ್ತಾರೋ ಇಲ್ಲವೋ, ದೇವಿಯನ್ನು ಒಯ್ಯುತ್ತಾರೋ ಇಲ್ಲವೋ ನನ್ನ ಕೈಯಲ್ಲಿಲ್ಲ.

ಇದರಲ್ಲಿ ಇರುವುದೆಲ್ಲ ನಾನು ಕಂಡದ್ದು ಮತ್ತು ಮಾಡಿದ್ದು. ಯಾರೂ ಹೇಳಿಕೊಟ್ಟು ಬರೆಸಿದ್ದಲ್ಲ. ಇದರ ಮರಾಠಿಯನ್ನು ಹವಾಲ್ದಾರರು ನನಗೆ ಓದಿ ಹೇಳಿದರು. ಅದರಲ್ಲಿ ಒಂದು ಕಡೆ ದೊಡ್ಡ ಗುಂಡಿ ಎಂದಿತ್ತು. ಪಾಪ, ನನ್ನ ಒಳ್ಳೆಯದಕ್ಕೇ ಬರೆದಿರಬೇಕು. ಅದನ್ನು ಹೊಡೆದುಹಾಕಿಸಿ ಸಣ್ಣ ಗುಂಡಿ ಎಂದು ಮಾಡಿಸಿದ್ದೇನೆ. ತಿದ್ದಿದ ಜಾಗದಲ್ಲಿಯೂ ನನ್ನ ರುಜು ಇದೆ.

ಸ್ಥಳ: ಕಲ್ಯಾಣ್ ಪಶ್ಚಿಮ
ದಿನಾಂಕ: 24-9-2012

(ರುಜು) ಚೆನ್ನಯ ಬಾಬು ಪೂಜಾರಿ