ಅಣ್ಣ ಬಿಗಿಯಬೇಕಿದ್ದ ಚಕ್ರ

ಮುಂದಿನ ಸಾಲಿನಲ್ಲಿರುವ ಅತ್ತಿಗೆ ಮತ್ತು ಮನೆಯವರೇ, ಕೆಲಸ ಬಿಟ್ಟು ಬಂದ ಗ್ಯಾರೇಜಿನ ಗೆಳೆಯರೇ, ಲಾರಿ ನಿಲ್ಲಿಸಿ ಬಂದ ಚಾಲಕ ಬಂಧುಗಳೇ — ಎಲ್ಲರಿಗೂ ನಮಸ್ಕಾರ. ಮೈಕು ಹಿಡಿದು ನನಗೆ ಅಭ್ಯಾಸವಿಲ್ಲ. ಗ್ಯಾರೇಜಿನಲ್ಲಿ ಜೊತೆಗೆ ದುಡಿದ ನಮ್ಮಿಬ್ಬರಲ್ಲಿ ಮಾತಿನ ಇಲಾಖೆ ಅಣ್ಣನದು, ಬೈಯುವ ಇಲಾಖೆ ನನ್ನದು.

ನಮ್ಮ ಹಿರಿಯ ಮೆಕ್ಯಾನಿಕ್‌ಗೆ ಕಿವಿಯಣ್ಣ ಎಂದು ಹೆಸರಿಟ್ಟವರು ನೀವೇ. ಲಾರಿ ಬಂದು ನಿಂತ ಕೂಡಲೇ ಸುತ್ತಿಗೆಯಿಂದ ಚಕ್ರದ ಒಂದೊಂದೇ ಬೋಲ್ಟನ್ನು ತಟ್ಟಿ — ಹೀಗೆ, ತಲೆ ವಾಲಿಸಿ — ಕೇಳುತ್ತಿದ್ದರು. ಗಟ್ಟಿಯಾಗಿದ್ದರೆ ಟಣ್ ಎನ್ನುತ್ತದೆ. ಒಳಗೆ ಬಿರುಕಿದ್ದರೆ ಸದ್ದು ಮಂಕು. "ಬೋಲ್ಟಿನ ಪಿಸುಮಾತು ಕೇಳ್ಸುತ್ತೆ, ನಾನು ಕೂಗಿದ್ರೆ ಮಾತ್ರ ಕೇಳ್ಸಲ್ಲ" ಎಂದು ಅತ್ತಿಗೆ ಎಷ್ಟು ಸಲ ರೇಗಿಲ್ಲ! — ನಗಿ ಅತ್ತಿಗೆ, ಪರವಾಗಿಲ್ಲ.

ಮುರಿದ ಬೋಲ್ಟನ್ನು ಚಾಲಕನ ಅಂಗೈಯಲ್ಲಿಟ್ಟು ತೋರಿಸುತ್ತಿದ್ದರು. "ನೋಡು, ಇಷ್ಟು ಭಾಗ ತುಕ್ಕು. ಇದು ಯಾವತ್ತೋ ಬಿರುಕು ಬಿಟ್ಟಿದೆ. ಹೊಳೆಯೋ ಭಾಗ ಮಾತ್ರ ಇವತ್ತು ಮುರಿದದ್ದು." ಒಂದು ಮುರಿದರೆ ಅದರ ಅಕ್ಕಪಕ್ಕದವನ್ನೂ ಬದಲಿಸಬೇಕೆಂಬುದು ಅವರ ಹಟ. "ಚೆನ್ನಾಗಿರೋದನ್ನ ಯಾಕೆ ಕೀಳ್ತೀರಿ?" ಎಂದು ಚಾಲಕರ ಜಗಳ. ಅಣ್ಣನದು ಒಂದೇ ಉತ್ತರ: "ಅದರ ಭಾರಾನೂ ಇವೇ ಹೊತ್ತಿದ್ದಾವಪ್ಪ. ನೋಡೋಕೆ ಚೆನ್ನಾಗೇ ಇರ್ತವೆ."

ನೋಡೋಕೆ ನಾನೂ ಚೆನ್ನಾಗೇ ಇದ್ದೇನೆ. — ಇರಲಿ.

ಹೊಸ ಬೋಲ್ಟು ಹಾಕಿದ ಲಾರಿ ಒಂದಷ್ಟು ಓಡಿದ ಮೇಲೆ ನಟ್ಟು ತುಸು ಸಡಿಲವಾಗುತ್ತದೆ, ಮತ್ತೆ ಬಿಗಿಯಬೇಕು. "ಲೋಡ್ ಇಳಿಸ್ಕೊಂಡು ಬಾ, ನಾನೇ ಬಿಗೀತೀನಿ" ಎನ್ನದೆ ಅಣ್ಣ ಯಾರನ್ನೂ ಕಳಿಸಿದವರಲ್ಲ. ಕಡೆಯ ದಿನವೂ ಒಬ್ಬರಿಗೆ ಹಾಗೇ ಹೇಳಿ ಮನೆಗೆ ಹೋದರು. ಎದೆನೋವು ಎಂದು ಮಲಗಿದವರು ಏಳಲಿಲ್ಲ.

ಆ ಲಾರಿ ನಿನ್ನೆ ಬಂತು. ಚಾಲಕರಿಗೆ ಸುದ್ದಿ ಗೊತ್ತಿರಲಿಲ್ಲ. ಇಳಿದವರೇ, "ಎಲ್ಲಿ ಕಿವಿಯಣ್ಣ? ಬಾ ಅಂದಿದ್ರು" ಎಂದರು. ಹೇಳಿದೆ. ಪಾಪ, ಲಾರಿಯ ಮೆಟ್ಟಿಲ ಮೇಲೇ ಕೂತುಬಿಟ್ಟರು. — ಇಲ್ಲೇ ಇದ್ದಾರೆ, ಬಾಗಿಲ ಹತ್ತಿರ.

ನಾನು ಸ್ಪ್ಯಾನರ್ ಹಿಡಿದು ಆ ಚಕ್ರದ ಮುಂದೆ ಕೂತೆ. ಕೈ ಬರಲಿಲ್ಲ. ಅಣ್ಣ ಶುರು ಮಾಡಿ ಇನ್ನೂ ಮುಗಿಯದ ಕೆಲಸ ಎಂದರೆ ಅದೊಂದೇ. ಬಿಗಿದುಬಿಟ್ಟರೆ ಅದೂ ಮುಗಿಯಿತು, ಅಣ್ಣನೂ ಮುಗಿದರು ಎನಿಸಿತು. "ನಾಳೆ ಮಾಡೋಣ" ಎಂದೆ. ಅವರು ರಾತ್ರಿ ಲಾರಿಯಲ್ಲೇ ಮಲಗಿದರು.

ಇವತ್ತು ಸಭೆಗೆ ಬರುವಾಗ ಅತ್ತಿಗೆ ಆ ಲಾರಿ ನೋಡಿದರು. ಯಾಕೆ ನಿಂತಿದೆ ಎಂದು ಕೇಳಿದರು. ಇದ್ದದ್ದು ಹೇಳಿದೆ. ಅದಕ್ಕೆ ಅಂದರು: "ಅವರ ಮನೇಲೂ ಒಬ್ಬಳು ಕಾಯ್ತಿರ್ತಾಳೆ. ಕಳಿಸಿ."

ಕಳಿಸುತ್ತೇನೆ ಅತ್ತಿಗೆ.

ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಅಣ್ಣನಿಗಾಗಿ ಮೌನವಾಗಿರೋಣ. — ಇವತ್ತು ಮೌನ ತುಸು ಉದ್ದವಾಗಿರಲಿ. ಅದು ಮುಗಿದ ಕೂಡಲೇ ನಾನು ಹೋಗಿ ಆ ಚಕ್ರ ಬಿಗಿಯಬೇಕು.